ಲೈನಿನಲ್ಲಿ ಬೇರೆ ಯಾರೋ

ಕಿರ್... ಕಿರ್ರ್... ಟಕ್.

ನಡುರಾತ್ರಿಯ ಸಣ್ಣ ಸದ್ದು. ಬೇರೆ ಯಾರೇ ಆಗಿದ್ದರೂ ಅದನ್ನು ಇಲಿಯ ತಲೆಗೆ ಕಟ್ಟಿ ಮಗ್ಗುಲು ಬದಲಿಸುತ್ತಿದ್ದರು. ಮಿಸ್ಸು ಅಂಥ ಜಾಯಮಾನದವಳಲ್ಲ. ಗ್ಯಾಸ್ ಆರಿಸಿದ್ದೇನೆಯೇ ಎಂದು ಎದ್ದು ನೋಡಿ ಬಂದು, ನೋಡಿ ಬಂದದ್ದು ನಿಜವೇ ಎಂದು ಇನ್ನೊಮ್ಮೆ ಏಳುವವಳು. ಕಾಲೇಜಿನಲ್ಲಿ ಕಂಪ್ಯೂಟರ್ ನೆಟ್‌ವರ್ಕಿನ ಮೊದಲ ಪಾಠಗಳನ್ನು ಹೇಳಿಕೊಡುತ್ತಿದ್ದ ಅವಳನ್ನು ವಿದ್ಯಾರ್ಥಿಗಳಂತೆ ಇಡೀ ಕಟ್ಟಡವೂ ‘ಮಿಸ್ಸು’ ಎಂದೇ ಕರೆಯುತ್ತಿತ್ತು.

"ರೀ, ಏನೋ ಸದ್ದು."

"ಹೂಂ," ಎಂದಿತು ಹೊದಿಕೆ. ಒಳಗಿದ್ದ ಗಂಡ ವಿಮಾ ಕಚೇರಿಯ ನೌಕರ. ಅಪಘಾತ ಆದಮೇಲೆ ಎಚ್ಚರಗೊಳ್ಳುವುದು ಅವನ ವೃತ್ತಿಧರ್ಮ.

ಮಿಸ್ಸು ಒಬ್ಬಳೇ ಹೊರಕೋಣೆಗೆ ಬಂದಳು. ಪ್ರಿಂಟರಿನ ಹಸಿರು ದೀಪ ಬೆಕ್ಕಿನ ಒಂಟಿ ಕಣ್ಣಿನಂತೆ ಉರಿಯುತ್ತಿತ್ತು. ತಟ್ಟೆಯ ಮೇಲೆ ಒಂದು ಹಾಳೆ. ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಲ್ಯಾಪ್‌ಟಾಪು ಮಾತ್ರ ಮೇಜಿನ ಮೇಲೆ ಬಾಯಿ ಮುಚ್ಚಿಕೊಂಡು ಕೂತಿತ್ತು. ಹಾಳೆಯ ನಡುವೆ ಒಂದೇ ಒಂದು ಸಾಲು:

‘ಲೈನಿನಲ್ಲಿ ಬೇರೆ ಯಾರೋ ಇದ್ದಾರೆ.’

ಆ ಮಾತು ಮಿಸ್ಸುವಿಗೆ ಹೊಸದಲ್ಲ. ಅತ್ತೆ ಬಾಳೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರಿನ ಜಗಳ, ಪ್ರೇಮ, ಮದುವೆ ಮಾತುಕತೆಗಳೆಲ್ಲ ಅವರ ಕಿವಿಯ ಮೂಲಕವೇ ಹಾದುಹೋಗಿದ್ದವು. ನಿವೃತ್ತಿಯಾದ ಮೇಲೂ ಚಾಳಿ ಬಿಡಲಿಲ್ಲ. ಸೊಸೆ ಅಡುಗೆಮನೆಯಲ್ಲಿ ನಿಂತು ತಾಯಿಗೆ ಫೋನು ಮಾಡುವಾಗ ಕಿಟಕಿಯಾಚೆ ನೆರೆಯವರ ನೆರಳು ಕಂಡರೆ ಸಾಕು, ನಡುಮನೆಯಿಂದಲೇ ಕೂಗುತ್ತಿದ್ದರು: "ಲೈನಲ್ಲಿ ಬೇರೆ ಯಾರೋ ಇದ್ದಾರೆ ಕಣೇ!"

ಅತ್ತೆ ತೀರಿಕೊಂಡು ವರ್ಷವಾಗಿತ್ತು.

ಮಿಸ್ಸು ಓದಿದವಳು. ಸೋಫಾದ ಅಂಚಿನಲ್ಲಿ ಕೂತು ಬುದ್ಧಿಯನ್ನು ಒಂದೆಡೆ ಕೂಡಿಸಿಕೊಂಡಳು. ದೆವ್ವ ಇಲ್ಲ. ಹಾಗಾದರೆ ಮನೆಯ ನೆಟ್‌ವರ್ಕಿಗೆ ಯಾರೋ ಹೊಕ್ಕಿದ್ದಾರೆ. ಯಾರೋ ಹೊಕ್ಕಿದ್ದರೆ... ಲ್ಯಾಪ್‌ಟಾಪಿನಲ್ಲಿ ಪ್ರಶ್ನೆಪತ್ರಿಕೆ ಇತ್ತು. ಇವತ್ತು ಸಂಜೆಯೊಳಗೆ ಲಕೋಟೆಗೆ ಅರಗು ಹಾಕಿ ಪ್ರಿನ್ಸಿಪಾಲರ ಕೈಗೆ ಕೊಡಬೇಕಾಗಿದ್ದ ಪ್ರಶ್ನೆಪತ್ರಿಕೆ. ಅದು ಸರಿಹೋದರೆ ಕೆಲಸ ಕಾಯಂ ಎಂದು ಪ್ರಿನ್ಸಿಪಾಲರು ಸೂಚನೆ ಕೊಟ್ಟಿದ್ದರು. ಹೋದ ವರ್ಷ ಪತ್ರಿಕೆ ಸೋರಿಸಿಕೊಂಡ ಭೌತಶಾಸ್ತ್ರದ ಮೇಷ್ಟ್ರು ಈಗ ಸ್ಟೋರ್ ರೂಮಿನಲ್ಲಿ ಮುರಿದ ಬೆಂಚುಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು.

ಅಷ್ಟು ಯೋಚಿಸುವ ಹೊತ್ತಿಗೆ, ಬಂದದ್ದು ದೆವ್ವವೇ ಆಗಿದ್ದರೆ ಎಷ್ಟೋ ವಾಸಿ ಅನ್ನಿಸಿತು ಅವಳಿಗೆ.

ಬೆಳಿಗ್ಗೆ ಗಂಡ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಅಮ್ಮ ಬರೆದಿದ್ದರೆ ಇಷ್ಟು ಚಿಕ್ಕದಾಗಿ ಬರೀತಿರಲಿಲ್ಲ ಬಿಡು," ಎಂದು ಟೀ ಕುಡಿದು ಕಚೇರಿಗೆ ಹೊರಟುಹೋದ.

ಅವನು ಮೆಟ್ಟಿಲಿಳಿಯುವಾಗ ಕೆಳಮನೆಯ ಟೈಲರಕ್ಕ ಮೆಟ್ಟಿಲು ಹತ್ತುತ್ತಿದ್ದಳು. ಕೊರಳಲ್ಲಿ ಅಳತೆಪಟ್ಟಿ, ಹಿಂದೆ ಅವಳ ಬೂದು ಬೆಕ್ಕು. ಬೆಕ್ಕು ಮಿಸ್ಸುವನ್ನು ಕಂಡೊಡನೆ ಹೊಸ್ತಿಲ ಆಚೆಯೇ ಕೂತಿತು. ಅದಕ್ಕೂ ಅವಳಿಗೂ ಒಂದು ಹಳೆಯ ಲೆಕ್ಕವಿತ್ತು. ಎಕ್ಸ್‌ಚೇಂಜಿನವರು ಅತ್ತೆಗೆ ಬೀಳ್ಕೊಡುಗೆಯ ದಿನ ಕೊಟ್ಟಿದ್ದ ಗಾಜಿನ ಹೂಜಿ ಒಂದು ಮಧ್ಯಾಹ್ನ ಚೂರಾಯಿತು. ಒರೆಸುವಾಗ ಕೈಜಾರಿ ಬೀಳಿಸಿದವಳು ಮಿಸ್ಸು. ಅಪವಾದ ಹೊತ್ತದ್ದು ಬೆಕ್ಕು. ಈ ವಿಷಯ ಬಲ್ಲವರು ಲೋಕದಲ್ಲಿ ಇಬ್ಬರೇ, ಅವರಲ್ಲಿ ಒಬ್ಬರಿಗೆ ಮಾತು ಬರುತ್ತಿರಲಿಲ್ಲ.

"ಏನ್ ಮಿಸ್ಸು, ಮುಖ ಹಿಂಡಿದ ಬಟ್ಟೆ ಥರ ಆಗಿದೆ?"

ಹೇಳಬಾರದೆಂದೇ ಇದ್ದಳು. ಹಾಳೆ ಕೈಯಲ್ಲೇ ಇತ್ತು. ಟೈಲರಕ್ಕ ಓದಿ ಎದೆ ಹಿಡಿದುಕೊಂಡಳು. ಇನ್ನು ಕೇಳಬೇಕೆ? ಮಿಸ್ಸು ತರಗತಿಯಲ್ಲಿ ಹೇಳುವ ಯಾವ ತಂತಿಗೂ ಟೈಲರಕ್ಕನ ವೇಗವಿಲ್ಲ. ಕಾಫಿ ಆರುವುದರೊಳಗೆ ಮೇಲ್ಮನೆಯ ನಿವೃತ್ತ ಗುಮಾಸ್ತರು ಬಂದರು, ಎದುರುಮನೆಯ ಕಾಂಪೌಂಡರ್ ಬಂದ.

"ಹೆದರ್ಕೋಬೇಡಿ ತಾಯಿ, ನಾವಿದ್ದೀವಲ್ಲ," ಎಂದರು ಗುಮಾಸ್ತರು. ಅವರು ಹಾಗೆಂದಾಗಲೆಲ್ಲ ಹೆದರಬೇಕು ಎಂಬುದು ಕಟ್ಟಡಕ್ಕೆಲ್ಲ ಗೊತ್ತಿತ್ತು.

ಮಿಸ್ಸು ಲ್ಯಾಪ್‌ಟಾಪು ತೆರೆದಳು. ಮನೆಯ ವೈಫೈಗೆ ಯಾರು ಯಾರು ಸೇರಿಕೊಂಡಿದ್ದಾರೆ ಎಂದು ತೋರಿಸುವ ಪುಟಕ್ಕೆ ಹೋದಳು. ಇರಬೇಕಾದದ್ದು ಅವಳ ಲ್ಯಾಪ್‌ಟಾಪು, ಪ್ರಿಂಟರು, ಗಂಡ ಹೆಂಡಿರ ಫೋನು. ಇದ್ದದ್ದು ನಲ್ಲಿಯ ಮುಂದಿನ ಕೊಡಗಳಂಥ ಸಾಲು. ಗುರುತಿಲ್ಲದ ಫೋನುಗಳು, ಒಂದು ಟೀವಿ, ಇನ್ನೂ ಏನೇನೋ.

"ಅಬ್ಬಬ್ಬಾ! ಇಷ್ಟೊಂದು ದೆವ್ವಗಳಾ?" ಎಂದಳು ಟೈಲರಕ್ಕ. ಆದರೆ ಅವಳ ಕಣ್ಣು ಪರದೆಯ ಮೇಲಿರಲಿಲ್ಲ, ನೆಲದ ಮೇಲಿತ್ತು.

"ಯಾರಾದ್ರೂ ಆಗಲಿ, ಪಾಸ್‌ವರ್ಡ್ ಬದಲಾಯಿಸಿಬಿಡ್ತೀನಿ. ಎಲ್ಲರೂ ಆಚೆಗೆ."

ಮೊದಲು ಚೇತರಿಸಿಕೊಂಡವರು ಗುಮಾಸ್ತರು.

"ದುಡುಕಬೇಡಿ ಮಿಸ್ಸು. ದಾರಿ ಮುಚ್ಚಿಬಿಟ್ಟರೆ, ಒಳಗಿರೋ ದೆವ್ವ ಒಳಗೇ ಉಳ್ಕೊಳ್ಳಲ್ವಾ?"

"ಅದೂ ನಿಜವೇ," ಎಂದ ಕಾಂಪೌಂಡರ್. "ಔಷಧಿ ಕೂಡ ತಟ್ಟಂತ ನಿಲ್ಲಿಸಬಾರದು, ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ಬೇಕು. ಮುಂದಿನ ವಾರ ನೋಡೋಣ. ಇವತ್ತು ಮ್ಯಾಚ್... ಅಂದ್ರೆ, ಇವತ್ತು ಬೇಡ."

ಮಿಸ್ಸುವಿನ ಬೆರಳು ಸಾಲಿನ ಕೊನೆಯ ಹೆಸರಿನ ಮೇಲೆ ನಿಂತಿತ್ತು. ‘ಎಕ್ಸ್‌ಚೇಂಜ್’.

"ಅಯ್ಯೋ, ಅದು ನಿಮ್ಮತ್ತೆ ಫೋನಲ್ವಾ?" ಟೈಲರಕ್ಕನ ದನಿ ನಿಜವಾಗಿಯೇ ನಡುಗಿತು. "ಆ ಹೆಸರು ಬೇಕು ಅಂತ ಇವನ ಕೈಲಿ ಕೂತು ಹಾಕಿಸ್ಕೊಂಡಿದ್ರು."

ಕಾಂಪೌಂಡರ್ ಹೌದೆಂದು ತಲೆಯಾಡಿಸಿದ.

ಮಿಸ್ಸು ಕಪಾಟು ತೆರೆದಳು. ಅತ್ತೆಯ ಕನ್ನಡಕ, ಸ್ವೆಟರು, ಅದರ ಕೆಳಗೆ ಫೋನು. ಬೆನ್ನಿನ ಮುಚ್ಚಳ ತೆಗೆದಳು. ಒಳಗೆ ಖಾಲಿ ಗೂಡು. ಉಬ್ಬಿಹೋಗಿದ್ದ ಬ್ಯಾಟರಿಯನ್ನು ಅತ್ತೆ ತೀರಿಕೊಂಡ ತಿಂಗಳೇ ಗಂಡ ಬಿಸಾಡಿದ್ದ.

ಪ್ರತಿ ವರ್ಷ ಮೊದಲ ತರಗತಿಯಲ್ಲಿ ಮಿಸ್ಸು ಒಂದು ಪ್ರಯೋಗ ತೋರಿಸುವುದುಂಟು. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ‘ಇದ್ದೀಯಾ?’ ಎಂದು ಕೂಗು ಹಾಕುವುದು. ಅದು ಬದುಕಿದ್ದರೆ ‘ಇದ್ದೀನಿ’ ಎನ್ನುತ್ತದೆ, ಸತ್ತಿದ್ದರೆ ಸುಮ್ಮನಿರುತ್ತದೆ. ಒಂದು ಕೈಯಲ್ಲಿ ಆ ಬಡಪಾಯಿ ಫೋನನ್ನು ಹಿಡಿದು, ಇನ್ನೊಂದು ಕೈಯಿಂದ ಅವಳು ‘ಎಕ್ಸ್‌ಚೇಂಜ್’ಗೆ ಕೂಗು ಹಾಕಿದಳು.

ಕಣ್ಣೆವೆ ಮುಚ್ಚುವುದರೊಳಗೆ ಪರದೆಯ ಮೇಲೆ ಉತ್ತರ. ಇನ್ನೊಂದು. ಮತ್ತೊಂದು. ಅತ್ತೆ ಬದುಕಿದ್ದಾಗಲೂ ಹೀಗೇ. ಒಂದು ಮಾತಿಗೆ ಒಂದೇ ಉತ್ತರ ಕೊಟ್ಟವರಲ್ಲ.

"ಒಲೆ ಮೇಲೆ ಹಾಲಿಟ್ಟು ಬಂದಿದ್ದೆ," ಎಂದಳು ಟೈಲರಕ್ಕ. "ನಂದೂ," ಎಂದರು ಅಡುಗೆಮನೆಯ ಮುಖವನ್ನೇ ಕಾಣದ ಗುಮಾಸ್ತರು. ಕಾಂಪೌಂಡರ್ ಏನೂ ಹೇಳಲಿಲ್ಲ, ಏಕೆಂದರೆ ಅವನು ಆಗಲೇ ಮೆಟ್ಟಿಲ ಮೇಲಿದ್ದ. ಬೆಕ್ಕು ಮಾತ್ರ ಹೊಸ್ತಿಲಾಚೆ ಕೂತು, ಕಪಾಟಿನ ಮುಂದಿನ ಖಾಲಿ ಜಾಗವನ್ನು ಯಾರೋ ನಿಂತಿರುವಂತೆ ತಲೆಯೆತ್ತಿ ನೋಡುತ್ತಿತ್ತು.

ಮಿಸ್ಸು ಬಾಗಿಲು ಹಾಕಿಕೊಂಡಳು. ಮಾಡಬೇಕಾದದ್ದು ಗೊತ್ತಿತ್ತು. ಹೊಸ ಪಾಸ್‌ವರ್ಡ್ ಬೇಕು. ಯಾರೂ ಊಹಿಸಲಾಗದ್ದು, ಯಾರಿಗೂ ಹೇಳದ್ದು. ಹುಟ್ಟಿದ ದಿನ, ಮನೆ ನಂಬರು ಎಲ್ಲ ಕಳ್ಳರ ಬಾಯಲ್ಲೇ ಇರುತ್ತವೆ ಎಂದು ಪಾಠ ಹೇಳುವವಳು ಅವಳೇ. ಸ್ವಲ್ಪ ಯೋಚಿಸಿ, ಕಿಟಕಿಯ ಪರದೆ ಎಳೆದು, ಒಂದೊಂದೇ ಅಕ್ಷರವಾಗಿ ಒತ್ತಿದಳು: ‘ಹೂಜಿ ಒಡೆದದ್ದು ಬೆಕ್ಕಲ್ಲ’.

ಗುಂಡಿ ಒತ್ತಿದ್ದೇ ತಡ, ಮೇಲ್ಮನೆಯಲ್ಲಿ ಹಾಡುತ್ತಿದ್ದ ಟೀವಿ ಅರ್ಧ ಸಾಲಿನಲ್ಲಿ ಗಂಟಲು ಕಟ್ಟಿ ನಿಂತಿತು. ಎದುರುಮನೆಯಿಂದ "ಥತ್!" ಎಂದು ಕೇಳಿಬಂತು. ಕೆಳಗೆ ಹೊಲಿಗೆ ಯಂತ್ರ ನಿಂತಿತು. ಹಾಲು ನೋಡಲು ಹೋಗಿದ್ದವರೆಲ್ಲ ಮತ್ತೆ ಬಾಗಿಲು ಬಡಿಯತೊಡಗಿದರು.

"ಮಿಸ್ಸು, ಏನ್ ಮಾಡಿದ್ರಿ? ಟೀವೀಲಿ ಮೊಮ್ಮಗು ಜೊತೆ ಮಾತಾಡ್ತಿದ್ದೆ, ಮಗು ಹಾಡ್ತಾ ಹಾಡ್ತಾ ಬಾಯಿ ತೆರ್ಕೊಂಡು ಹಾಗೇ ನಿಂತ್ಬಿಡ್ತು!" ಎಂದರು ಗುಮಾಸ್ತರು.

"ಕಾಲರ್ ಕತ್ತರಿಸೋ ವಿಡಿಯೋ ನೋಡ್ತಿದ್ದೆ ಕಣ್ರೀ, ಅರ್ಧ ಕತ್ತರಿಸಿದೀನಿ!"

ಕಾಂಪೌಂಡರ್ ಅಳುವಂತಿದ್ದ. "ಕೊನೇ ಓವರು!"

ಮಿಸ್ಸು ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. "ಅಂದ್ರೆ, ನಮ್ಮನೆ ನೆಟ್ಟು..."

"ನಿಮ್ಮತ್ತೇನೇ ಕೊಟ್ಟಿದ್ದು," ಎಂದಳು ಟೈಲರಕ್ಕ ಸೊಂಟಕ್ಕೆ ಕೈಯಿಟ್ಟು. "ಕನೆಕ್ಷನ್ ಕೊಡೋದು ನನ್ನ ಕೆಲಸ, ಬೇಡ ಅನ್ನೋಕೆ ನೀನ್ಯಾರು ಅಂದ್ರು. ದೊಡ್ಡವರ ಮಾತು ಮೀರೋಕಾಗುತ್ತಾ?"

ಎಲ್ಲರಿಗೂ ಲೈನು ಕೊಟ್ಟು, ಆಮೇಲೆ ಲೈನಿನಲ್ಲಿ ಯಾರೋ ಇದ್ದಾರೆ ಎಂದು ದೂರುವುದು. ಅತ್ತೆಯ ಪದ್ಧತಿಯೇ ಸರಿ, ಅಂದುಕೊಂಡಳು ಮಿಸ್ಸು.

"ನಾವೇನೂ ನಿಮ್ಮ ವಸ್ತು ಮುಟ್ಟಿಲ್ಲ," ಎಂದರು ಗುಮಾಸ್ತರು ಘನತೆಯಿಂದ. "ಏನೋ ಒತ್ತೋಕೆ ಹೋಗಿ ನಿಮ್ಮ ಫೋಲ್ಡರು ತೆರೀತು, ಹಾಗೇ ಕಣ್ಣಾಡಿಸಿದೆ. ಐದನೇ ಪ್ರಶ್ನೆ ಮಾತ್ರ ಸ್ವಲ್ಪ ಉದ್ದವಾಯ್ತು ಮಿಸ್ಸು."

ಮಿಸ್ಸು ಕುರ್ಚಿ ಹಿಡಿದುಕೊಂಡಳು. ಕಾಲೇಜಿನ ಲ್ಯಾಬಿನಲ್ಲಿ ಮಕ್ಕಳಿಗೆ ತೋರಿಸಲೆಂದು ಅವಳೇ ಆ ಫೋಲ್ಡರನ್ನು ಎಲ್ಲರಿಗೂ ತೆರೆದಿಟ್ಟಿದ್ದಳು. ಪಾಠ ಮುಗಿದ ಮೇಲೆ ಮುಚ್ಚುವುದನ್ನು ಮರೆಯಬಾರದು ಎಂದು ಬೋರ್ಡಿನ ಮೇಲೆ ಬರೆದು, ಬೋರ್ಡು ಒರೆಸಿ, ಮನೆಗೆ ಬಂದಿದ್ದಳು.

"ಟೈಲರಕ್ಕಾ," ಎಂದಳು ಕ್ಷೀಣವಾಗಿ. "ನಿಮ್ಮ ಮಗಳು ನನ್ನ ಕ್ಲಾಸಲ್ಲೇ ಇದಾಳೆ."

"ಅಯ್ಯೋ, ನಾನು ಅಂಥವಳಲ್ಲ! ಅವಳಿಗೆ ತೋರಿಸ್ಲೇ ಇಲ್ಲ." ಟೈಲರಕ್ಕ ಕೆನ್ನೆ ಬಡಿದುಕೊಂಡಳು. "ಬರೀ ಓದಿ ಹೇಳಿದೆ. ಅವಳೂ ಯಾರಿಗೂ ಹೇಳಿಲ್ಲ. ಗ್ರೂಪಿಗೆ ಹಾಕಿದಾಳೆ, ಅಷ್ಟೇ."

ಅಷ್ಟರಲ್ಲಿ ಪ್ರಿನ್ಸಿಪಾಲರ ಫೋನು. "ಏನಮ್ಮಾ, ಪತ್ರಿಕೆ ಭದ್ರವಾಗಿದೆ ತಾನೆ?"

"ಭದ್ರವಾಗಿದೆ ಸರ್," ಎಂದಳು ಮಿಸ್ಸು. ಮುರಿದ ಬೆಂಚುಗಳ ಸಾಲು ಅವಳ ಕಣ್ಣ ಮುಂದೆ ಹಾದುಹೋಯಿತು.

"ಒಂದೇ ಮಾತು ಹೇಳಿ," ಎಂದಳು ಫೋನಿಟ್ಟು. "ನಿನ್ನೆ ರಾತ್ರಿ ನನ್ನ ಪ್ರಿಂಟರಿಗೆ ಹಾಳೆ ಕಳಿಸಿದ್ದು ನಿಮ್ಮಲ್ಲಿ ಯಾರು?"

ಮೂವರೂ ಮುಖ ಮುಖ ನೋಡಿಕೊಂಡರು. "ನಮಗೆ ನೋಡೋಕೆ ಬರುತ್ತೆ ಹೊರತು ಕಳಿಸೋಕೆಲ್ಲಿ ಬರುತ್ತೆ?" ಎಂದರು ಗುಮಾಸ್ತರು. ಕಾಂಪೌಂಡರ್ ಮಾತ್ರ ತಲೆ ಕೆರೆದುಕೊಂಡ. "ನಿದ್ದೆಗಣ್ಣಲ್ಲಿ ನಾನೇ ಏನಾದ್ರೂ ಒತ್ತಿದ್ನೋ ಏನೋ."

ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿತು. ಮಿಸ್ಸು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಒತ್ತಿದವನು ಕಾಂಪೌಂಡರ್. ಉತ್ತರ ಕೊಟ್ಟ ಫೋನೂ ಇವರದ್ದೇ ಯಾವುದೋ, ಹಳೆಯ ಹೆಸರು ಹೊತ್ತುಕೊಂಡಿದ್ದು. ಮುಗಿಯಿತು. ಮೂವರನ್ನೂ ಹೊರಗೆ ಕಳಿಸಿ, ಫೋಲ್ಡರಿಗೆ ಬೀಗ ಹಾಕಿ, ಊಟ ಬಿಟ್ಟು ಹೊಸ ಪ್ರಶ್ನೆಪತ್ರಿಕೆ ಬರೆಯಲು ಕೂತಳು. ಮೊದಲ ಪ್ರಶ್ನೆ ತಾನಾಗಿಯೇ ಬಂತು: ‘ಹಂಚಿಕೊಂಡ ಫೋಲ್ಡರನ್ನು ತೆರೆದಿಡುವುದರಿಂದ ಆಗುವ ಅನಾಹುತಗಳನ್ನು ಉದಾಹರಣೆಯೊಂದಿಗೆ ವಿವರಿಸಿ.’

ಇಳಿಹೊತ್ತಿಗೆ ಅರಗಿನ ಲಕೋಟೆ ಪ್ರಿನ್ಸಿಪಾಲರ ಮೇಜಿನ ಮೇಲಿತ್ತು. ಅವರು ಅದನ್ನು ತೂಗಿ ನೋಡುವವರಂತೆ ಎತ್ತಿ ಹಿಡಿದರು. "ಯಾವುದೋ ಪತ್ರಿಕೆ ಮಕ್ಕಳ ಗ್ರೂಪಲ್ಲಿ ಓಡಾಡ್ತಿದೆ ಅಂತ ಸುದ್ದಿ ಬಂತು. ತರಿಸಿ ನೋಡಿದೆ." ಅವರು ಅರಗನ್ನು ಅಲ್ಲೇ ಒಡೆದು, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರು. ಓದಿ ಗಹಗಹಿಸಿ ನಕ್ಕರು. "ಒಂದು ಪ್ರಶ್ನೆಯೂ ಹೊಂದಲ್ಲ! ಬೇಕಂತಲೇ ಸುಳ್ಳು ಪತ್ರಿಕೆ ಬಿಟ್ಟು ಕಳ್ಳರನ್ನ ಏಮಾರಿಸಿದ್ರಾ? ಭೇಷ್! ಕೆಲಸ ಕಾಯಂ ಅಂದ್ಕೊಳ್ಳಿ. ಇನ್ಮೇಲೆ ಎಲ್ಲ ವಿಭಾಗದ ಪತ್ರಿಕೆಗಳೂ ನಿಮ್ಮ ಮನೇಲೇ ಪ್ರಿಂಟಾಗಲಿ. ಅಷ್ಟು ಭದ್ರವಾದ ಜಾಗ ನಮ್ಮಲ್ಲಿ ಬೇರೆ ಇಲ್ಲ."

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಗಂಡ ಬಚ್ಚಲಲ್ಲಿ ಹಾಡಿಕೊಳ್ಳುತ್ತಿದ್ದ. ಅವನಿಗಿನ್ನೂ ಹೊಸ ಪಾಸ್‌ವರ್ಡ್ ಹೇಳಿರಲಿಲ್ಲ. ಮಿಸ್ಸು ಚೀಲ ಕೆಳಗಿಡುವ ಮೊದಲೇ ಲ್ಯಾಪ್‌ಟಾಪು ತೆರೆದಳು. ಸಾಲು ಈಗ ಪುಟ್ಟದಾಗಿತ್ತು. ತನ್ನ ಲ್ಯಾಪ್‌ಟಾಪು. ತನ್ನ ಫೋನು. ಪ್ರಿಂಟರು.

ಎಕ್ಸ್‌ಚೇಂಜ್.

ಕಿರ್... ಕಿರ್ರ್... ಟಕ್.

ಹಾಳೆ ಬೆಚ್ಚಗಿತ್ತು. ಈ ಸಲ ಮೂರು ಸಾಲು.

‘ಬೆಕ್ಕಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು.
ಈಗ ಲೈನಿನಲ್ಲಿ ನಾವಿಬ್ಬರೇ.
ಮಾತಾಡು.’

"ಏನೇ ಅದು ಸದ್ದು?" ಗಂಡ ಬಚ್ಚಲಿನಿಂದ ಕೂಗಿದ.

ಮಿಸ್ಸು ಹಾಳೆಯನ್ನು ಮಡಿಸಿದಳು, ಮತ್ತೆ ಮಡಿಸಿದಳು. ಗಂಡನಿಗೆ ಹೇಳಿದರೆ ಹೂಜಿಯ ಕತೆ ಹೇಳಬೇಕು. ನೆರೆಯವರಿಗೆ ಹೇಳಿದರೆ ಪಾಸ್‌ವರ್ಡ್ ಹೇಳಬೇಕು. ಪ್ರಿನ್ಸಿಪಾಲರಿಗೆ ಹೇಳಿದರೆ ಮುರಿದ ಬೆಂಚುಗಳು.

"ಏನಿಲ್ಲ ರೀ, ಇಲಿ," ಎಂದಳು. ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿ, ಪ್ರಿಂಟರಿನ ತಟ್ಟೆಗೆ ಒಂದು ದೊಡ್ಡ ಕಟ್ಟು ಹಾಳೆ ತುಂಬಿದಳು. ಅತ್ತೆಯ ಮಾತು ಒಂದು ಹಾಳೆಗೆ ಮುಗಿಯುವಂಥದ್ದಲ್ಲ.