ವಿಮಾನದವನು ಬಡಿಸಿದ ಒಬ್ಬಟ್ಟು

ನನಗೆ ಬೇಕಾದದ್ದನ್ನು ಬೇಕು ಎಂದು ಕೇಳಿ ಅಭ್ಯಾಸವಿಲ್ಲ. ಯಾರ ಮನೆಗೆ ಹೋದರೂ, ಕಾಫಿ ಎಂದರೆ ಸಾಕು, 'ಅಯ್ಯೋ ಬೇಡ, ಈಗ ತಾನೇ ಆಯ್ತು' ಎಂಬ ಸುಳ್ಳು ತಾನಾಗಿ ಬಾಯಿಗೆ ಬರುತ್ತದೆ. ಅವರು ಇನ್ನೆರಡು ಸಲ ಬಲವಂತ ಮಾಡಬೇಕು, ನಾನು ಸೋತವನಂತೆ ಲೋಟ ಹಿಡಿಯಬೇಕು. ಇದು ನನ್ನೊಬ್ಬನ ಕಾಯಿಲೆಯಲ್ಲ. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಎಲ್ಲರಿಗೂ ಇದೆ. ಮದುವೆಗಳ ಅಡುಗೆ ಕಂಟ್ರಾಕ್ಟು ಹಿಡಿಯುವ ನನಗಂತೂ ಈ ಕಾಯಿಲೆಯೇ ಅನ್ನ ಹಾಕಿದೆ. ಬಡಿಸುವವನ ಜಾಣತನವೆಲ್ಲ ಇರುವುದು ಬೇಡ ಎಂದವರಿಗೆ ಬಡಿಸುವುದರಲ್ಲಿ. ಆ ವಿದ್ಯೆಯ ಗಂಧಗಾಳಿಯೂ ಇಲ್ಲದವನೊಬ್ಬ ನಮ್ಮ ತಂಡಕ್ಕೆ ಬಂದದ್ದು ನೇರವಾಗಿ ಆಕಾಶದಿಂದ.

ಅವನು ಮುರಳಿ, ಚಿಕ್ಕಬಳ್ಳಾಪುರದಲ್ಲಿ ನಮ್ಮ ಪಕ್ಕದ ಮನೆಯವನು. ವಿಮಾನದೊಳಗೆ ಊಟ ತಿಂಡಿ ಕೊಡುವ ಕೆಲಸ ಅವನದು. ದೇವನಹಳ್ಳಿಯಲ್ಲಿ ಹೊಸ ನಿಲ್ದಾಣ ಶುರುವಾದಾಗ ಕೆಲಸ ಮನೆ ಬಾಗಿಲಿಗೇ ಬಂತೆಂದು ಖುಷಿಪಟ್ಟಿದ್ದ. ಅಷ್ಟರಲ್ಲಿ ಎಲ್ಲೋ ದೂರದ ದೇಶದಲ್ಲಿ ಬ್ಯಾಂಕುಗಳು ಮುಳುಗಿದವಂತೆ, ಜನ ವಿಮಾನ ಹತ್ತುವುದನ್ನು ಕಡಿಮೆ ಮಾಡಿದರಂತೆ. ಮುರಳಿಯ ಕಂಪನಿ ಹಲವು ವಿಮಾನಗಳನ್ನು ನಿಲ್ಲಿಸಿ, ಕರೆದಾಗ ಬಾ ಎಂದು ಅವನನ್ನು ಮನೆಗೆ ಕಳಿಸಿತು. ಚಿಂತಾಮಣಿಯಲ್ಲಿ ಅವನಿಗೆ ಹೆಣ್ಣು ಗೊತ್ತಾಗಿತ್ತು. ಹೆಣ್ಣಿನ ತಂದೆ ಒಳ್ಳೆಯವರು, ಸಂಬಂಧ ಮುರಿಯಲಿಲ್ಲ. "ಕೆಲ್ಸ ವಾಪಸ್ ಸಿಕ್ಲಿ ಕಣಪ್ಪ, ಆಮೇಲೆ ಲಗ್ನ ನೋಡಣ" ಎಂದರು ಅಷ್ಟೆ. ಹುಡುಗ ದಿನವಿಡೀ ಜಗಲಿಯ ಮೇಲೆ ಮಂಕಾಗಿ ಕೂರುವುದನ್ನು ನೋಡಲಾರದೆ ನನ್ನ ಹೆಂಡತಿ ಜಯಮ್ಮ, "ರೀ, ನಿಮ್ ಜೊತೆ ಕರ್ಕೊಂಡೋಗಿ. ಅಲ್ಲೂ ಬಡಿಸ್ತಿದ್ದ, ಇಲ್ಲೂ ಬಡಿಸ್ತಾನೆ" ಎಂದಳು. ನನಗೂ ಸರಿ ಎನಿಸಿತು.

ಶಿಡ್ಲಘಟ್ಟದಲ್ಲಿ ರೇಷ್ಮೆ ವ್ಯಾಪಾರಿಯೊಬ್ಬರ ಮಗಳ ಮದುವೆ. ಬೀಗರ ಪಂಕ್ತಿಗೆ ಒಬ್ಬಟ್ಟು ಬಡಿಸಲು ಮುರಳಿಯನ್ನೇ ಬಿಟ್ಟೆ. ಇಸ್ತ್ರಿ ಮಾಡಿದ ಶರ್ಟು, ಮುಖದ ತುಂಬ ನಗು. ಮೊದಲ ಎಲೆಯ ಹಿರಿಯರ ಮುಂದೆ ಸೊಂಟ ಬಗ್ಗಿಸಿ, "ಒಬ್ಬಟ್ಟು ಹಾಕಲೇ ಸರ್?" ಎಂದ. ಅವರು ಪದ್ಧತಿಯಂತೆ ಎಲೆಗೆ ಕೈ ಅಡ್ಡ ಹಿಡಿದು "ಬೇಡ ಬೇಡ" ಎಂದರು. "ಥ್ಯಾಂಕ್ಯೂ ಸರ್" ಎಂದು ಇವನು ಮುಂದಕ್ಕೆ ಹೋದ! ಹೀಗೆ ಸಾಲು ಪೂರ್ತಿ ಮುಗಿಸಿ, ತುಂಬಿದ ಬುಟ್ಟಿಯನ್ನು ವಾಪಸು ತಂದು, "ಮಾಮ, ಯಾರ್ಗೂ ಬೇಡ್ವಂತೆ" ಎಂದ. ಬುಟ್ಟಿ ಕಿತ್ತುಕೊಂಡು ಪಂಕ್ತಿಗೆ ಓಡಿದೆ. ಹಿರಿಯರು ಖಾಲಿ ಎಲೆಯನ್ನೇ ನೋಡುತ್ತ, "ಏನಯ್ಯಾ, ಒಂದ್ ಮಾತಿಗೆ ಬೇಡ ಅಂದ್ರೆ ಹೋಗ್ಬಿಡೋದಾ?" ಎಂದರು. ಅವರಿಗೆ ಮೂರು ಒಬ್ಬಟ್ಟು ಬಲವಂತವಾಗಿ ಹಾಕಿ, ಮೇಲೆ ತುಪ್ಪ ಸುರಿದ ಮೇಲೆ ಮುಖ ಸ್ವಲ್ಪ ಸಡಿಲವಾಯಿತು.

ಆ ಸಂಜೆ ಪಾತ್ರೆಗಳ ನಡುವೆ ಕೂರಿಸಿಕೊಂಡು ಪಾಠ ಹೇಳಿದೆ. ಮೊದಲನೇ ಬೇಡ ಮರ್ಯಾದೆಗೆ, ಎರಡನೆಯದು ಅಕ್ಕಪಕ್ಕದವರಿಗೆ ಕೇಳಿಸಲಿಕ್ಕೆ. ಮೂರನೇ ಸಲ ಕೇಳಲೇಬಾರದು, ಹಾಕಿಬಿಡಬೇಕು. ಎಲೆಯ ಮೇಲಿನ ಕೈಯ ಬೆರಳು ಅಗಲವಾಗಿದ್ದರೆ ಸಂದಿಯಲ್ಲೇ ಹಾಕು. ಉಣ್ಣುವವನೇ ಎಲೆಯ ಮೇಲೆ ಬೋರಲು ಬಿದ್ದರೆ ಮಾತ್ರ ನಂಬು. ಮುರಳಿ ಬೇಗ ಕಲಿತ. "ನಮ್ಮನೆ ಒಬ್ಬಟ್ಟು ಅಂತ ಅಲ್ಲ, ನನ್ ಮುಖ ನೋಡಿ ಒಂದು" ಎಂದು ಗೋಗರೆಯುವ ಅವನಿಗಾಗಿ ಮಂಚೇನಹಳ್ಳಿಯಿಂದಲೂ ಜನ ಹುಡುಕಿಕೊಂಡು ಬರುವಂತಾಯಿತು.

ಈಗ ನನ್ನ ಸಂಕಟ ಶುರು. ವಿಮಾನಗಳು ಏಳದಿದ್ದರೆ ಮುರಳಿಗೆ ಮದುವೆಯಿಲ್ಲ. ಎದ್ದರೆ ನನಗೆ ಮುರಳಿಯಿಲ್ಲ. ದೇವರ ಮುಂದೆ ನಿಂತರೆ ಏನು ಬೇಡಿಕೊಳ್ಳಬೇಕೆಂದೇ ತಿಳಿಯದೆ ಬರೀ ಕರ್ಪೂರ ಹಚ್ಚಿ ಬರುತ್ತಿದ್ದೆ. ವಿಮಾನಗಳು ನನ್ನನ್ನು ಕೇಳಲಿಲ್ಲ. ಮೊದಲು ಪೇಪರಿನಲ್ಲಿ ಅರ್ಧ ಬೆಲೆಯ ಟಿಕೆಟ್ಟಿನ ಜಾಹೀರಾತುಗಳು ಬಂದವು. ಆಮೇಲೆ ಹೊರದೇಶಕ್ಕೆ ಹಾರುವ ಗುಲಾಬಿ ಹೂ ತುಂಬಿದ ಪೆರೇಸಂದ್ರದ ಕಡೆಯ ಗಾಡಿಗಳು ಮತ್ತೆ ನಿಲ್ದಾಣಕ್ಕೆ ಓಡಾಡತೊಡಗಿದವು. ಮಾಳಿಗೆಯ ಮೇಲೆ ಹಪ್ಪಳ ಒಣಗಿಸುತ್ತಿದ್ದ ಜಯಮ್ಮ ತಲೆಯೆತ್ತಿ, "ರೀ, ಇತ್ತೀಚ್ಗೆ ಜಾಸ್ತಿ ಹಾರ್ತಾ ಇದಾವೆ" ಎಂದಳು. ಕೊನೆಗೆ ಒಂದು ದಿನ ಸಾಂಬಾರಿನ ಬಕೆಟ್ಟು ಹಿಡಿದಿದ್ದವನ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಕರೀತಾ ಇದಾರೆ. ಹೋಗ್ಲಾ ಮಾಮ?" ಎಂದ. "ಹೋಗಪ್ಪ" ಎಂದೆ. ಅವನು ಕದಲಲಿಲ್ಲ. "ನಿಜವಾಗ್ಲೂ ಹೋಗ್ಲಾ?" "ಹೋಗು ಅಂದ್ನಲ್ಲ." ಮತ್ತೆ ಕೇಳಿದ. ನಮ್ಮ ಜನರ ಮೊದಲ ಉತ್ತರವನ್ನು ನಂಬಬಾರದೆಂದು ಕಲಿಸಿದವನು ನಾನೇ ತಾನೇ! ಮೂರನೇ ಸಲದ ಹೊತ್ತಿಗೆ ಚಿಂತಾಮಣಿಯ ಆ ಹುಡುಗಿ ನೆನಪಾಗಿ ಮನಸ್ಸು ತಿಳಿಯಾಯಿತು. ಬಕೆಟ್ಟು ಇಸಿದುಕೊಂಡು ಹೊರಡಿಸಿದೆ. ಅವನ ಮದುವೆಯಲ್ಲಿ ನಾನೇ ನಿಂತು ಬಡಿಸಿದೆ.

ಮೊನ್ನೆ ಗೌರಿಬಿದನೂರಿನ ಗಿರಾಕಿಯೊಬ್ಬರು ಮುಂಬೈಯಲ್ಲಿ ಗೃಹಪ್ರವೇಶದ ಅಡುಗೆಗೆ ನಮ್ಮಿಬ್ಬರು ಗಂಡಹೆಂಡಿರನ್ನೂ ವಿಮಾನದಲ್ಲಿ ಕರೆಸಿಕೊಂಡರು. ಮುರಳಿಯ ಡ್ಯೂಟಿ ಇದ್ದ ದಿನವೇ ಟಿಕೆಟ್ಟು ಆಗುವಂತೆ ನೋಡಿಕೊಂಡೆವು. ಬೆಳಿಗ್ಗೆ ಏನೂ ತಿನ್ನದೆ ಹೊರಟಿದ್ದೆ. ವಿಮಾನದಲ್ಲಿ ಒಂದು ಸೀಟೂ ಖಾಲಿಯಿರಲಿಲ್ಲ. ತಳ್ಳುಗಾಡಿ ಬಂತು. ಮುರಳಿ ಬಗ್ಗಿ, "ತಿಂಡಿ ಕೊಡಲೇ ಸರ್?" ಎಂದ. "ಅಯ್ಯೋ ಬೇಡಪ್ಪ, ಈಗ ತಾನೇ ಆಯ್ತು" ಎಂದೆ. ಜಯಮ್ಮ ತೊಡೆ ಚಿವುಟಿದಳು. ಅವನು ಅವಳಿಗೆ ಕೊಟ್ಟು ಮುಂದಕ್ಕೆ ಹೋಗಿಬಿಟ್ಟ! ಹೊಟ್ಟೆಗಿಂತ ಮನಸ್ಸು ಹಸಿಯಿತು. ಸಾಲು ಮುಗಿಸಿ ಬಂದವನು ಮತ್ತೆ ಕೇಳಿದ. ನಾನು ಮತ್ತೆ ಬೇಡ ಎಂದೆ. ಮೂರನೇ ಸಲ ಮಾತೇ ಆಡದೆ ತಟ್ಟೆ ಮುಂದಿಟ್ಟು ಕಣ್ಣು ಮಿಟುಕಿಸಿದ. ಉಪ್ಪಿಟ್ಟು ರಬ್ಬರಿನ ಹಾಗಿತ್ತು. ಆದರೂ ಅಷ್ಟು ತೃಪ್ತಿಯಿಂದ ನಾನು ಯಾವ ಮದುವೆಯಲ್ಲೂ ಉಂಡಿಲ್ಲ.

ಆ ಧೈರ್ಯದ ಮೇಲೆ, ಟೀ ತಂದ ಹುಡುಗಿಗೂ ಬಿಗುಮಾನದಿಂದ "ಬೇಡಮ್ಮ" ಎಂದು ಕಾಯುತ್ತ ಕೂತೆ. ಅವಳು ನಕ್ಕು ಹೋದವಳು ಮತ್ತೆ ಬರಲೇ ಇಲ್ಲ. ಜಯಮ್ಮ ಏನೂ ಕೇಳದೆ, ತನ್ನ ಟೀಯಲ್ಲಿ ಅರ್ಧ ಕುಡಿದು ಲೋಟವನ್ನು ನನ್ನ ಕಡೆ ತಳ್ಳಿದಳು. ಬೇಡ ಎನ್ನಲು ಬಾಯಿ ತೆರೆದೆ. ತೆರೆದ ಬಾಯಿಗೆ ಟೀಯನ್ನೇ ಸುರಿದುಕೊಂಡೆ.