ಜೇನು ಹೊಕ್ಕ ಮದುವೆ ಕೋಟು

ತಾಳ್ಮೆಯ ವಿಷಯದಲ್ಲಿ ಸವಣೂರಿನಲ್ಲಿ ನನ್ನಷ್ಟು ಅನುಭವಸ್ಥ ಬೇರೆ ಯಾರೂ ಇರಲಿಲ್ಲ. ನಾನು ದರ್ಜಿ. ಊರಿನ ಅರ್ಧ ಜನರಿಗೆ ತಾಳ್ಮೆ ಕಲಿಸಿದವನೇ ನಾನು! ಈ ಹಬ್ಬಕ್ಕೆಂದು ಕೊಟ್ಟ ಅಂಗಿಯನ್ನು ಮುಂದಿನ ಹಬ್ಬಕ್ಕೆ ಒಯ್ದವರಿದ್ದಾರೆ. "ನಾಳೆ ಬನ್ನಿ" ಎಂದು ನಾನು ಹೇಳುವ ವಿನಯಕ್ಕೆ, ಬೈಯಲು ಬಂದವರು ಎಲೆಯಡಿಕೆ ಹಾಕಿಕೊಂಡು ಹೋಗುತ್ತಿದ್ದರು. ಅಂಗಡಿಯೆಂದರೆ ನಮ್ಮ ಮನೆಯ ಜಗಲಿ. ಅಲ್ಲಿ ಒಂದು ಹೊಲಿಗೆ ಯಂತ್ರ, ಗಿರಾಕಿಗಳಿಗೊಂದು ಬೆಂಚು, ಗೋಡೆಯ ಮೇಲೆ ನಾನೇ ಬಣ್ಣದಲ್ಲಿ ಬರೆದ ಫಲಕ: "ಹೇಳಿದ ದಿನಕ್ಕೆ ಬಟ್ಟೆ ತಯಾರು."

ಅದು ಐವತ್ತೆಂಟೋ ಐವತ್ತೊಂಬತ್ತೋ ಇಸವಿ. ಸಂಕ್ರಾಂತಿ ಕಳೆದು ಕೆಲವು ದಿನಗಳಾಗಿದ್ದವು. ಬೆಳಕು ಹರಿಯುವ ಹೊತ್ತಿಗೆ ಆಲಂಕಾರು ಕಡೆಯ ದೇರಣ್ಣ ಗೌಡರು ನಡೆದುಕೊಂಡು ಬಂದರು. ಕಂಕುಳಲ್ಲಿ ಪುತ್ತೂರಿನಿಂದ ತಂದ ಕಪ್ಪು ಬಟ್ಟೆ, ತಲೆಯ ಮೇಲೆ ಒಂದು ಜೇನು ಪೆಟ್ಟಿಗೆ. ಬಟ್ಟೆ ಮಗನ ಮದುವೆಯ ಕೋಟಿಗೆ. ಪೆಟ್ಟಿಗೆ ನನಗೆ, ಹೊಲಿಗೆಯ ಕೂಲಿಗೆ.

"ಒಂದು ಒಪ್ಪಂದ ಮಾಡುವ ಮಾರಾಯ್ರೆ," ಅಂದರು ಗೌಡರು. "ಮೂರು ತಿಂಗಳು ನೀವು ಈ ಪೆಟ್ಟಿಗೆಯ ಮುಚ್ಚಳ ತೆಗೆಯುದು ಬೇಡ. ಮೂರು ತಿಂಗಳು ನಾನು ಕೋಟು ಕೇಳಿಕೊಂಡು ಬರುದಿಲ್ಲ. ಮದುವೆಯ ಮುನ್ನಾದಿನ ಬಂದು ನಾನೇ ನಿಮಗೆ ಜೇನು ತೆಗೆದುಕೊಡ್ತೇನೆ, ಕೋಟು ತಗೊಂಡು ಹೋಗ್ತೇನೆ. ಇರುವುದೊಬ್ಬ ಮಗ. ಕೋಟು ಮಾತ್ರ ತಪ್ಪಬಾರದು."

ಒಪ್ಪಿಕೊಂಡೆ. ಏನೂ ಮಾಡದೆ ಕುಳಿತುಕೊಳ್ಳುವುದು ನನಗೆ ಹೊಸ ವಿದ್ಯೆಯೇನಲ್ಲ. ಅಂದು ಸಂಜೆಯೇ ಆರು ಖಾಲಿ ಕುಪ್ಪಿಗಳನ್ನು ತೊಳೆದು ಕವುಚಿ ಹಾಕಿದೆ. ಜೇನು ಮೂರು ತಿಂಗಳಿಗೆ, ಕುಪ್ಪಿ ಮಾತ್ರ ಇವತ್ತಿಗೆ ಎಂದು ನನ್ನ ಹೆಂಡತಿ ಸರಸ್ವತಿ ನಕ್ಕಳು. ಮುಂದಾಲೋಚನೆ ಇಲ್ಲದವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ.

ಮೊದಲ ದಿನ ಪೆಟ್ಟಿಗೆಯ ಹತ್ತಿರವೂ ಹೋಗಲಿಲ್ಲ. ಎರಡನೆಯ ದಿನ ಮುಚ್ಚಳಕ್ಕೆ ಕಿವಿ ಇಟ್ಟೆ. ಕಿವಿ ಇಡಬಾರದೆಂದು ಒಪ್ಪಂದದಲ್ಲಿ ಇರಲಿಲ್ಲವಲ್ಲ! ಮೂರನೆಯ ದಿನ ಒಂದು ಬೆರಳಿನಷ್ಟು ಮಾತ್ರ ಎತ್ತಿದೆ. ವಾರ ಕಳೆಯುವುದರೊಳಗೆ ಕಾಫಿಗೆ ಮೊದಲು ಒಮ್ಮೆ, ಕಾಫಿಯ ನಂತರ ಒಮ್ಮೆ ಮುಚ್ಚಳ ತೆಗೆಯುವುದು ನಿತ್ಯವಿಧಿಯಾಯಿತು. ಹುಳಗಳು ಮೇಣದಲ್ಲಿ ಕಟ್ಟುತ್ತಿದ್ದ ಎರಿಯನ್ನು ಟೇಪಿನಲ್ಲಿ ಅಳೆದೆ. ಐದೂವರೆ ಇಂಚು. ಮಧ್ಯಾಹ್ನ ಊಟ ಮಾಡಿ ಮತ್ತೆ ಅಳೆದೆ. ಐದೂವರೆಯೇ!

ಒಂದು ಹುಳ ರೆಪ್ಪೆಗೆ ಕಚ್ಚಿತು. ಮೂರು ದಿನ ಒಂದೇ ಕಣ್ಣಿನಲ್ಲಿ ಹೊಲಿದೆ. ಆಗ ಒಬ್ಬರ ಅಂಗಿಗೆ ಎರಡೂ ಎಡಗೈಯ ತೋಳೇ ಬಂದವು. ಅವರು ಈವರೆಗೆ ದೂರು ಹೇಳಿಲ್ಲ. ಆ ಅಂಗಿ ಇನ್ನೂ ಅವರ ಕೈ ಸೇರಿಲ್ಲ.

"ಅವುಗಳನ್ನು ಅವುಗಳಷ್ಟಕ್ಕೆ ಬಿಡಿ ಮಾರಾಯ್ರೆ," ಎಂದಳು ಸರಸ್ವತಿ. "ಅವಕ್ಕೆ ಕೆಲಸ ಉಂಟು. ನಿಮಗೂ ಉಂಟು."

ಮಾತು ತಟ್ಟಿತು. ಪೆಟ್ಟಿಗೆಯಿಂದ ಕೈಯನ್ನು ದೂರ ಇಡಬೇಕಾದರೆ ಆ ಕೈಗೆ ಬೇರೆ ಕೆಲಸ ಬೇಕು. ಕೋಟು ಹಿಡಿದೆ. ನನ್ನ ವೃತ್ತಿಜೀವನದಲ್ಲಿ ಹಿಂದೆಂದೂ ನಡೆಯದ ಘಟನೆ ನಡೆಯಿತು. ಮದುವೆಗೆ ನಾಲ್ಕು ದಿನ ಇರುವಾಗಲೇ ಕೋಟು ಸಿದ್ಧ! ಗುಂಡಿ ಸಮೇತ! ಅದನ್ನು ಜಗಲಿಯ ಮೊಳೆಗೆ ತೂಗಹಾಕಿ, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದೆ. ಕೆಲವರು ಹತ್ತಿರ ಬಂದು ಮುಟ್ಟಿ ನೋಡಿದರು.

ಮದುವೆಯ ಮುನ್ನಾದಿನ ಬೆಳಿಗ್ಗೆ ನನಗೊಂದು ಚಿಂತೆ ಹತ್ತಿತು. ಗೌಡರು ಮಧ್ಯಾಹ್ನ ಬರುತ್ತಾರೆ. ಆರು ಕುಪ್ಪಿ ಸಾಕಾಗುತ್ತದೆಯೇ? ಸಾಲದಿದ್ದರೆ ಮರ್ಯಾದೆಯ ಪ್ರಶ್ನೆ. ಲೆಕ್ಕ ಹಾಕೋಣವೆಂದು ಮುಚ್ಚಳ ತೆಗೆದು, ಎರಿಗಳನ್ನೆಲ್ಲ ಒಂದೊಂದಾಗಿ ಹೊರಗೆ ತೆಗೆದು ಅಂಗಳದ ಬಿಸಿಲಿನಲ್ಲಿ ಸಾಲಾಗಿ ಇಟ್ಟೆ. ಮೂರು ತಿಂಗಳು ನನ್ನನ್ನು ಸಹಿಸಿದ್ದ ಜೇನು ಆಗ ಒಟ್ಟಿಗೇ ಎದ್ದಿತು. ಅಂಗಳಕ್ಕೆ ಎರಡು ಸುತ್ತು ಬಂದಿತು. ಆಮೇಲೆ ರಾಣಿಯ ಸಮೇತ ಜಗಲಿಗೆ ನುಗ್ಗಿ, ಅಲ್ಲಿದ್ದ ಒಂದೇ ಒಂದು ಕತ್ತಲೆಯ ಜಾಗವನ್ನು ಹುಡುಕಿ ಒಳಗೆ ಸೇರಿಕೊಂಡಿತು. ಎಂದಿನಂತೆ ತಡ ಮಾಡಿದ್ದರೆ ಆ ಮೊಳೆಯಲ್ಲಿ ಕೋಟೇ ಇರುತ್ತಿರಲಿಲ್ಲ!

"ಸರಸ್ವತಿ, ಜೇನು ಕೋಟಿನೊಳಗೆ ಹೋಯಿತು," ಎಂದೆ.

"ಅಳತೆ ಸರಿಯಾಯಿತಾ?" ಎಂದಳು.

ತೆಂಗಿನ ಸಿಪ್ಪೆಗೆ ಬೆಂಕಿ ಹಚ್ಚಿ ಹೊಗೆ ಹಾಕಲು ಹೊರಟೆ. ಒಂದು ಕಿಡಿ ಹಾರಿದರೆ ಆ ಹುಡುಗ ನಾಳೆ ತೂತಿನ ಕೋಟಿನಲ್ಲಿ ಧಾರೆಗೆ ನಿಲ್ಲಬೇಕೆಂದು ಅವಳು ಸಿಪ್ಪೆ ಕಿತ್ತುಕೊಂಡಳು. ಕೋಲು ಹಿಡಿದೆ. ಐದು ಕಡೆ ಕಚ್ಚಿಸಿಕೊಂಡು ಕೋಲು ಬಿಟ್ಟೆ.

ಅಷ್ಟರಲ್ಲಿ ಗೌಡರು ಬಂದರು. ಕೋಟು ತಯಾರಾಗಿದೆ, ಆದರೆ ಒಳಗೆ ಜೇನಿದೆ, ನಾಳೆ ಬನ್ನಿ ಎನ್ನಲು ನಾಳೆಯೇ ಮದುವೆ ಎಂದು ತೊದಲಿದೆ. ಜೀವಮಾನದಲ್ಲಿ ಗಿರಾಕಿಗೆ ನಾನು ಹೇಳಿದ ಮೊದಲ ಸತ್ಯ ಅದು.

"ಸೂಜಿ ಮುರಿಯಿತು ಹೇಳಿದ್ದರೆ ನಂಬುತ್ತಿದ್ದೆ," ಎಂದರು ಗೌಡರು. ಹೋಗಿ ಕೋಟಿನೊಳಗೆ ಇಣುಕಿದರು. ಅಂಗಳದಲ್ಲಿ ಸಾಲಾಗಿ ಒಣಗುತ್ತಿದ್ದ ಎರಿಗಳನ್ನು ನೋಡಿದರು. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. "ಎಂತ ಮಾಡುದು, ಬಿಸಿಲು ಇಳಿಯಲಿ. ಬನ್ನಿ, ಕೂತುಕೊಳ್ಳಿ," ಎಂದು ಬೆಂಚಿನಲ್ಲಿ ತಮ್ಮ ಪಕ್ಕದಲ್ಲೇ ನನಗೆ ಜಾಗ ಮಾಡಿದರು.

ನನ್ನದೇ ಬೆಂಚಿನಲ್ಲಿ ನಾನು ಕುಳಿತದ್ದು ಅಂದೇ ಮೊದಲು. ಅದರ ಒಂದು ಕಾಲು ಗಿಡ್ಡ. ಅಲುಗಾಡಿದರೆ ಬೀಳುವಂತಾಗುತ್ತದೆ, ಅಲುಗಾಡದಿದ್ದರೆ ಒಂದು ಮೊಳೆ ಚುಚ್ಚುತ್ತದೆ. ಮೂರು ಗಂಟೆಯ ಬಿಸಿಲು ನೇರ ಮುಖಕ್ಕೇ ಬೀಳುತ್ತದೆ. ಮುಖ ಯಾವ ಕಡೆ ತಿರುಗಿಸಿದರೂ ಆ ಫಲಕವೇ ಕಾಣುತ್ತದೆ. ವರ್ಷಗಟ್ಟಲೆ ಊರಿನವರೆಲ್ಲ ಇಲ್ಲಿ ಕುಳಿತು ನನ್ನ ವಿನಯವನ್ನು ಕೇಳುತ್ತಿದ್ದರೆಂದು ನೆನೆದು ನಾಚಿಕೆಯಾಯಿತು. ಮೂರು ಸಲ ಎದ್ದೆ, ಮೂರು ಸಲವೂ ಗೌಡರು ಪಂಚೆ ಹಿಡಿದು ಕೂರಿಸಿದರು. ಯುಗಾದಿಯ ಅಂಗಿ ಕೇಳಲು ಬಂದ ಒಬ್ಬರು ನನ್ನನ್ನು ಬೆಂಚಿನಲ್ಲಿ ಕಂಡು, ನಿಮಗೂ ನಾಳೆ ಬನ್ನಿ ಎಂದೇ ಹೇಳಿದ್ದಾ ಎಂದು ಕನಿಕರದಿಂದ ವಿಚಾರಿಸಿ ಹೋದರು.

ಬಿಸಿಲು ಇಳಿಯಿತು. ಗೌಡರು ಎರಿಗಳನ್ನು ಮತ್ತೆ ಪೆಟ್ಟಿಗೆಯಲ್ಲಿ ಜೋಡಿಸಿ, ಅದನ್ನು ಕೋಟಿನ ಕೆಳಗಿಟ್ಟು, ಬರಿಗೈಯನ್ನು ಮೆಲ್ಲನೆ ಒಳಗೆ ಹಾಕಿದರು. ಬೊಗಸೆ ಬೊಗಸೆ ಹುಳ ಪೆಟ್ಟಿಗೆಗೆ ಇಳಿದವು. ರಾಣಿ ಸಿಕ್ಕಿದ ಮೇಲೆ ಉಳಿದವು ತಾವಾಗಿಯೇ ಹಿಂದೆ ಹೋದವು. ಅವರಿಗೆ ಒಂದೂ ಕಚ್ಚಲಿಲ್ಲ. ಕೋಟಿಗೂ ಏನೂ ಆಗಿರಲಿಲ್ಲ, ಒಳಗಿನ ಅಸ್ತರಿನಲ್ಲಿ ಸ್ವಲ್ಪ ಮೇಣ ಅಂಟಿತ್ತು, ಅಷ್ಟೇ. ಹೊಲಿಗೆ ಬಹಳ ಚೆನ್ನಾಗಿದೆ ಎಂದು ಗೌಡರು ಹೇಳಿದಾಗ ನನ್ನ ಕಣ್ಣು ತುಂಬಿತು. ಕಚ್ಚಿದ ಊತವೂ ಇತ್ತೆನ್ನಿ.

ಅವರು ಕೋಟನ್ನು ಹೆಗಲಿಗೆ ಹಾಕಿಕೊಂಡರು. ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಕಟ್ಟಿ ತಲೆಯ ಮೇಲಿಟ್ಟುಕೊಂಡರು. ಜೇನು ಅವರೊಂದಿಗೇ ಹೊರಟಿತು. ತಡೆಯಲು ನನಗೆ ಯಾವ ಮುಖವೂ ಇರಲಿಲ್ಲ. ಆದರೂ ಮೆಟ್ಟಿಲು ಇಳಿಯುವಾಗ ಕೇಳಿಯೇಬಿಟ್ಟೆ, ನನ್ನ ಪಾಲಿನ ಜೇನು ಯಾವಾಗ ಎಂದು.

ಗೌಡರು ಫಲಕವನ್ನು ನೋಡಿದರು. ನನ್ನನ್ನು ನೋಡಿದರು. ಬಹಳ ವಿನಯದಿಂದ, "ನಾಳೆ ಬನ್ನಿ," ಎಂದರು.

ಆ ಮಾತಿನ ಅರ್ಥ ನನ್ನಷ್ಟು ಚೆನ್ನಾಗಿ ತಿಳಿದವರು ಈ ಸೀಮೆಯಲ್ಲೇ ಇಲ್ಲ. ಆದರೂ ಮರುದಿನ ಮದುವೆಯೂಟಕ್ಕೆ ಹೊರಟಾಗ, ಸರಸ್ವತಿಗೆ ಕಾಣದಂತೆ ಶಾಲಿನೊಳಗೆ ಒಂದು ಖಾಲಿ ಕುಪ್ಪಿ ಇಟ್ಟುಕೊಂಡೇ ಹೋದೆ.