ಗಿಡ್ಡರೆಕ್ಕೆಯ ಹೊಸ ಕುಲ

ಪ್ರಯೋಗಶಾಲೆಯ ಎಸಿ ಕೆಟ್ಟದ್ದೇ ಎಲ್ಲಕ್ಕೂ ಮೂಲ. ಚೋಂಗ್‌ಚಿಂಗ್ ನಗರದ ಜುಲೈ ಬಿಸಿಲಿಗೆ ಮನುಷ್ಯರೇ ಬಾಣಲೆಯೊಳಗಿನ ಮೆಣಸಿನಕಾಯಿಯಂತೆ ಚಟಪಟ ಎನ್ನುತ್ತಿರುವಾಗ, ತಂಪು ಬೆಟ್ಟದ ತರಗೆಲೆಯಡಿ ಹುಟ್ಟಿದ ಜಿರಳೆಗಳು ಬದುಕುವುದುಂಟೆ? ಕೀಟಶಾಸ್ತ್ರದ ಅಧ್ಯಾಪಕ ರಾನ್ ಶೂಲಿನ್ ಅವನ್ನು ಡಬ್ಬಿಗೆ ತುಂಬಿ, ಎದೆಗವಚಿಕೊಂಡು ಮನೆಗೆ ಬಂದ.

ಅವು ಅಂತಿಂಥ ಜಿರಳೆಗಳಲ್ಲ. ತಮ್ಮನ ಅಂಗಿ ತೊಟ್ಟ ಅಣ್ಣನಂತೆ, ರೆಕ್ಕೆ ಅರ್ಧ ಬೆನ್ನಿಗೇ ಮುಗಿದಿತ್ತು. ಹಿಂದಿನ ಪಂಡಿತರು ಅವನ್ನು ಬೇರೊಂದು ಕುಲಕ್ಕೆ ಸೇರಿಸಿ ಕೈತೊಳೆದುಕೊಂಡಿದ್ದರು. ರಾನ್ ಮಾತ್ರ ವರ್ಷಗಟ್ಟಲೆ ಗಂಡುಗಳ ಬಾಲದ ತುದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ನೋಡಿ, ಇವುಗಳದೇ ಬೇರೆ ಕುಲವೆಂದು ಸಾಧಿಸಿದ್ದ. ಇನ್ನು ಹೆಣ್ಣು ಮೊಟ್ಟೆಯಿಡುವ ಬಗೆಯನ್ನು ವರ್ಣಿಸುವುದೊಂದೇ ಬಾಕಿ.

ಆ ಹೆಣ್ಣೇ ಲಿಫ್ಟಿನಲ್ಲಿ ಡಬ್ಬಿಯಿಂದ ಜಾರಿತು. ಎದುರಿಗೆ ಕಟ್ಟಡದ ನಿವಾಸಿಗಳ ಮುಖಂಡೆ ಪು ಅತ್ತೆ. ಕಾಲಿನ ಚಪ್ಪಲಿ ಅವರ ಕೈಗೆ ಬಂದದ್ದೇ ಕಾಣಲಿಲ್ಲ. ರಾನ್ ಅಂಗೈ ಅಡ್ಡ ಹಿಡಿದ. ಏಟು ಅವನಿಗೇ ಬಿತ್ತು.

"ಬೇಕಾದ್ರೆ ನನಗೇ ಇನ್ನೊಂದು ಹೊಡೀರಿ ಅತ್ತೆ. ಅವಳು ಬಸುರಿ," ಎಂದ.

ಅತ್ತೆ ಲಿಫ್ಟಿಳಿದದ್ದೇ ತಡ, ಸುದ್ದಿ ಅಂಗಳದ ಮಾಜಾಂಗ್ ಆಟದ ಮೇಜಿಗೆ ಮುಟ್ಟಿತು. ಡಬ್ಬಿ ಹೋಗಬೇಕು, ಇಲ್ಲವೇ ಅವನು ಹೋಗಬೇಕು ಎಂದು ಅಲ್ಲೇ ತೀರ್ಮಾನವಾಯಿತು. ಅಂಗಳಕ್ಕಿಳಿದು ಬಂದ ರಾನ್ ಬೆವರೊರೆಸಿಕೊಳ್ಳುತ್ತ ವಿವರಿಸಿದ. ಇವು ಹಾರುವುದಿಲ್ಲ, ಅಡುಗೆಮನೆಯತ್ತ ಸುಳಿಯುವುದಿಲ್ಲ, ಕೊಳೆತ ಎಲೆಯೇ ಇವುಗಳ ಅನ್ನ. ಇಷ್ಟು ಕಾಲ ಇನ್ನೊಬ್ಬರ ಮನೆತನದ ಹೆಸರಿನಲ್ಲಿ ಬಾಳಿದ್ದವು. ಈಗ ಲೋಕದಲ್ಲೇ ಮೊದಲ ಬಾರಿಗೆ ಸ್ವಂತ ಹೆಸರು ಪಡೆಯುತ್ತಿವೆ.

ನಿವೃತ್ತ ಬಸ್ ಚಾಲಕ ಗಾನ್ ಮಾವ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟ. "ಲೋಕದಲ್ಲೇ ಅಂದ್ರೆ... ನಮ್ಮೂರಿನ ಮುಂದೆ ಸದಾ ಜಂಬ ಕೊಚ್ಚೋ ಆ ಚೆಂಗ್ಡೂನವ್ರಿಗೂ ಗೊತ್ತಿಲ್ವಾ?"

"ಅವ್ರಿಗೆಲ್ಲಿಂದ ಗೊತ್ತಾಗ್ಬೇಕು ಮಾವ? ಇದು ನಮ್ಮ ಬೆಟ್ಟದ್ದು."

ಅಷ್ಟು ಸಾಕಾಯಿತು. ನೆರೆದವರ ಬೆನ್ನು ನೆಟ್ಟಗಾಯಿತು. ಪು ಅತ್ತೆ ತಮ್ಮ ಎಸಿ ಕೋಣೆಯನ್ನೇ ಬಸುರಿಗೆ ಬಿಟ್ಟುಕೊಟ್ಟರು. ಗಾನ್ ಮಾವ ಸೌತೆಕಾಯಿ ಹೆಚ್ಚಿ ತಂದ. ಒಬ್ಬೊಬ್ಬರಾಗಿ ಬಗ್ಗಿ ನೋಡಿ, ಮುಖದಲ್ಲೇ ಕಳೆಯಿದೆ ಎಂದರು. ಹುಳ ಹಿಡಿಯುವವನೆಂದು ಮೂಗು ಮುರಿಯುತ್ತಿದ್ದವರೇ ರಾನ್‌ನ ಬೆನ್ನು ತಟ್ಟಿದರು. ಅವನ ಕಣ್ಣು ಮಂಜಾಯಿತು. ಮಧ್ಯಾಹ್ನದೊಳಗೆ ಹೆಬ್ಬಾಗಿಲಿಗೆ ಕೆಂಪು ಬ್ಯಾನರ್ ಏರಿತು: "ಜಗತ್ತಿನ ಹೊಸ ಜಿರಳೆ ಕುಲ, ನಮ್ಮ ಕಟ್ಟಡದ ಹೆಮ್ಮೆ." ದಾರಿಹೋಕರೆಲ್ಲ ಫೋಟೊ ತೆಗೆದು ಊರಿಗೆಲ್ಲ ಹಂಚಿದರು.

ಸಂಜೆ ಹೆಣ್ಣಿನ ಹಿಂಬದಿಯಲ್ಲಿ ಮೊಟ್ಟೆಚೀಲದ ತುದಿ ಇಣುಕಿತು. ರಾನ್ ಭೂತಗನ್ನಡಿಗೆ ಕೈಹಾಕಿದ. ಅಷ್ಟರಲ್ಲೇ ಅಂಗಳದಲ್ಲಿ ವ್ಯಾನ್ ನಿಂತಿತು. ಬೆನ್ನಿಗೆ ಕೀಟನಾಶಕದ ಕ್ಯಾನು ಕಟ್ಟಿಕೊಂಡ ನಗರಸಭೆಯ ಬಿಳಿ ಉಡುಪಿನವರ ದಂಡೇ ಇಳಿಯಿತು. ಬ್ಯಾನರಿನ ಫೋಟೊ ನೋಡಿ, ಯಾವುದೋ ಹೊಸ ಜಿರಳೆ ಕಟ್ಟಡವಿಡೀ ಹಬ್ಬಿದೆಯೆಂದು ಓಡಿಬಂದಿದ್ದರು. ಎಲ್ಲರನ್ನೂ ಮನೆಯಿಂದ ಹೊರಡಿಸಿ ಅಂಗಳಕ್ಕೆ ತಂದು ನಿಲ್ಲಿಸಿದರು.

ಅವರ ಮೇಲ್ವಿಚಾರಕ ಮುಖಗವಸು ಸರಿಸಿದ. "ಈ ಜಿರಳೆಗೆಲ್ಲ ಕಾರಣ ಯಾರು?"

ರಾನ್ ಡಬ್ಬಿಯನ್ನು ಅಂಗಿಯೊಳಗೆ ತುರುಕಿಕೊಂಡು ಮಾಜಾಂಗ್ ಮೇಜಿನ ಹಿಂದೆ ಕುಕ್ಕರುಗಾಲಲ್ಲಿ ಕುಳಿತಿದ್ದ. ಪು ಅತ್ತೆ ರಟ್ಟೆ ಹಿಡಿದು ಎಬ್ಬಿಸಿ, ಎಲ್ಲರ ಮುಂದೆ ತಂದು ನಿಲ್ಲಿಸಿದರು.

"ಯಾಕಪ್ಪ ನಾಚ್ಕೋತೀಯ? ಇವನೇ ಸಾರ್, ನಮ್ಮ ಹುಡುಗ," ಎಂದರು.

ಇಡೀ ಕಟ್ಟಡ ಚಪ್ಪಾಳೆ ತಟ್ಟಿತು.